ಮಗುವಿನ ಅಳತೆಯ ಬಿಲ್ಲು

1549ರಲ್ಲಿ ಇಂಗ್ಲೆಂಡಿನ ಬಾಲರಾಜ ಆರನೆಯ ಎಡ್ವರ್ಡನ ಮುಂದೆ ಧರ್ಮೋಪದೇಶ ಮಾಡುತ್ತಿದ್ದ ಹ್ಯೂ ಲ್ಯಾಟಿಮರ್ ಎಂಬ ಪಾದ್ರಿ ನಡುವೆ ತನ್ನ ಬಾಲ್ಯದ ಬಿಲ್ವಿದ್ಯೆಯ ಮಾತು ತೆಗೆದ. ಲೆಸ್ಟರ್‌ಶೈರಿನ ರೈತನಾಗಿದ್ದ ಅವನ ಅಪ್ಪ ಮಗನ ವಯಸ್ಸು, ಕಸುವು ನೋಡಿ ಬಿಲ್ಲು ಕೊಡಿಸುತ್ತಿದ್ದನಂತೆ. ಮಗ ಬೆಳೆದ ಹಾಗೆ ಬಿಲ್ಲೂ ದೊಡ್ಡದಾಗುತ್ತಿತ್ತಂತೆ. ಬರೀ ತೋಳಿನ ಬಲದಿಂದ ಎಳೆಯಬೇಡ, ಇಡೀ ಮೈಯನ್ನು ಬಿಲ್ಲಿಗೆ ಕೊಡು ಎಂದೂ ಕಲಿಸಿದ್ದನಂತೆ. ಆ ರೈತನ ಎರಡೂ ಮಾತುಗಳಲ್ಲಿ ಇಂದಿನ ಕ್ರೀಡಾವಿಜ್ಞಾನಕ್ಕೆ ತಿದ್ದುವಂಥದ್ದೇನೂ ಇಲ್ಲ.

ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ ಎಂದು ಸ್ಕೂಲ್ ಯೂನಿಫಾರ್ಮ್ ಹೊಲಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಬಿಲ್ಲಿನಲ್ಲಿ ಆ ಲೆಕ್ಕ ನಡೆಯದು. ಶಕ್ತಿಗೆ ಮೀರಿದ ಬಿಲ್ಲನ್ನು ಹಿಡಿದ ಮಗು ಸೊಂಟ ಹಿಂದಕ್ಕೆ ಬಾಗಿಸುತ್ತದೆ, ಹೆಗಲನ್ನು ಕಿವಿಯವರೆಗೆ ಎತ್ತುತ್ತದೆ, ಹೆದೆಯನ್ನು ಗದ್ದದವರೆಗೆ ತರಲಾರದೆ ಅರ್ಧದಲ್ಲೇ ಬಿಟ್ಟುಬಿಡುತ್ತದೆ. ಎಳೆಯಬೇಕಾದ ಬೆನ್ನಿನ ಸ್ನಾಯುಗಳು ಸುಮ್ಮನಿದ್ದು, ಭಾರವೆಲ್ಲ ಹೆಗಲ ಕೀಲಿನ ಮೇಲೆ ಬೀಳುತ್ತದೆ. ಆ ಕೀಲು ಇನ್ನೂ ಕಟ್ಟುವ ಹಂತದಲ್ಲಿರುತ್ತದೆ. ತೋಳಿನ ಮೇಲ್ಮೂಳೆ ಉದ್ದವಾಗುವುದು ಬಹುಪಾಲು ಹೆಗಲಿನ ತುದಿಯಲ್ಲಿರುವ ಮೃದ್ವಸ್ಥಿಯ ತೆಳು ಪದರದಿಂದ. ಹದಿಹರೆಯ ಮುಗಿಯುವವರೆಗೂ ಅದು ಗಟ್ಟಿಮೂಳೆಯಾಗಿ ಬೆಸೆದುಕೊಳ್ಳುವುದಿಲ್ಲ.

ಭಾರದ ಬಿಲ್ಲು ಬೆಳೆಯುವ ಹೆಗಲಿನ ಮೇಲೆ ಗುರುತು ಬಿಡುತ್ತದೆ ಎಂಬುದಕ್ಕೆ ಸಮುದ್ರದ ತಳದಿಂದ ಬಂದ ಸಾಕ್ಷ್ಯವೊಂದಿದೆ. 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿದ ‘ಮೇರಿ ರೋಸ್’ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಲಾಯಿತು. ಅದರಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು, ಸಾವಿರಾರು ಬಾಣಗಳು, ಸೈನಿಕರ ಮತ್ತು ನಾವಿಕರ ಅಸ್ಥಿಪಂಜರಗಳು ಸಿಕ್ಕವು. ಹೆಗಲ ಮೇಲಿನ ಮೂಳೆಯ ತುದಿ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿಗೆ ಉಳಿದ ಮೂಳೆಗೆ ಬೆಸೆದುಕೊಳ್ಳಬೇಕು. ಈ ಅಸ್ಥಿಪಂಜರಗಳಲ್ಲಿ ಅದು ಬೆಸೆಯದೇ ಉಳಿದದ್ದು ವಾಡಿಕೆಗಿಂತ ಹೆಚ್ಚು ಮಂದಿಯಲ್ಲಿ ಕಂಡಿತು. ಚಿಕ್ಕಂದಿನಿಂದ ಭಾರಿ ಬಿಲ್ಲು ಎಳೆದದ್ದೇ ಕಾರಣವಿರಬಹುದೆಂದು ಮೂಳೆತಜ್ಞರು ಊಹಿಸಿದ್ದಾರೆ. ಆ ಬಿಲ್ಲುಗಳ ಎಳೆತ 100 ಪೌಂಡ್ ದಾಟುತ್ತಿತ್ತು. ಇಂದಿನ ಮಗುವಿಗೆ ಯುದ್ಧಕ್ಕೆ ಹೋಗುವ ಅಗತ್ಯವಿಲ್ಲ. ಏಳೆಂಟು ವರ್ಷದ ಮಗುವಿಗೆ 10ರಿಂದ 12 ಪೌಂಡ್, ಅಂದರೆ ಐದು ಕಿಲೋ ತೂಕ ಎತ್ತುವಷ್ಟು ಎಳೆತ ಧಾರಾಳ.

ಅಂಗಡಿಯಲ್ಲಿ ಬಿಲ್ಲಿನ ಮೇಲೆ ಬರೆದ ಪೌಂಡ್ ಲೆಕ್ಕ ದಾರಿ ತಪ್ಪಿಸುವುದುಂಟು. ಹೆದೆಯನ್ನು 28 ಇಂಚು ಎಳೆದಾಗ ಎಷ್ಟು ಬಲ ಬೇಕು ಎಂಬುದು ದೊಡ್ಡವರ ಬಿಲ್ಲಿನ ಅಳತೆ. ಎಂಟು ವರ್ಷದ ಮಗುವಿನ ತೋಳಿಗೆ 28 ಇಂಚು ಎಲ್ಲಿಂದ ಬರಬೇಕು? ಎರಡೂ ಕೈ ಚಾಚಿ ನಿಂತಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಉದ್ದವನ್ನು ಎರಡೂವರೆಯಿಂದ ಭಾಗಿಸಿದರೆ ಎಳೆತದ ಉದ್ದ ಅಂದಾಜಾಗಿ ಸಿಗುತ್ತದೆ. 120 ಸೆಂ.ಮೀ. ಚಾಚುವ ಮಗುವಿಗೆ ಅದು 48 ಸೆಂ.ಮೀ., ಸುಮಾರು 19 ಇಂಚು. ಬಿಲ್ಲು ಸ್ಪ್ರಿಂಗಿನ ಹಾಗೆ, ಎಳೆದಷ್ಟೂ ಬಿಗಿಯಾಗುತ್ತದೆ. ಆದ್ದರಿಂದ 28 ಇಂಚಿಗೆ 20 ಪೌಂಡ್ ಎಂದು ಬರೆದ ಬಿಲ್ಲು ಈ ಮಗುವಿನ ಕೈಯಲ್ಲಿ 12 ಪೌಂಡ್ ಕೂಡ ಮುಟ್ಟುವುದಿಲ್ಲ. ಅದೇ ಅಂಕಿಯನ್ನು ಮಕ್ಕಳ ಗಿಡ್ಡ ಬಿಲ್ಲಿನ ಮೇಲೆ ಗಿಡ್ಡ ಎಳೆತದ ಲೆಕ್ಕದಲ್ಲಿ ಬರೆದಿದ್ದರೆ ಪೂರ್ತಿ 20 ಪೌಂಡ್ ಮಗುವಿನ ಮೇಲೇ ಬೀಳುತ್ತದೆ. ಬರಹವನ್ನು ನಂಬುವುದಕ್ಕಿಂತ ಲಗೇಜ್ ತೂಗುವ ಕೊಕ್ಕೆಯ ತೂಕಯಂತ್ರವನ್ನು ಹೆದೆಗೆ ಸಿಕ್ಕಿಸಿ, ಮಗುವಿನ ಎಳೆತದಷ್ಟೇ ಉದ್ದಕ್ಕೆ ಎಳೆದು ನೋಡುವುದು ಮೇಲು. ಆಮೇಲೆ ಮಗುವೇ ಎಳೆದು, ಐದಾರು ಸೆಕೆಂಡ್ ನಡುಗದೆ ಹಿಡಿದು, ಹಾಗೇ ಮೆಲ್ಲನೆ ಹಿಂದಕ್ಕೆ ತರಲಿ. ನಡುಗಿದರೆ ಇನ್ನೂ ಹಗುರದ್ದು ಬೇಕು.

ಮನೆಯಲ್ಲೇ ಬಿದಿರಿನಿಂದ ಬಿಲ್ಲು ಮಾಡಿಕೊಡುವವರಿಗೆ ಬಿಗಿಯನ್ನು ತಾವೇ ನಿರ್ಧರಿಸುವ ಅನುಕೂಲವಿದೆ. ಬಿಲ್ಲು ಬಾಗಿದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಯ ಮೈ ಅದುಮಿಕೊಳ್ಳುತ್ತದೆ. ಬಿದಿರಿನಲ್ಲಿ ನಾರು ದಟ್ಟವಾಗಿರುವುದು ಹೊರಸಿಪ್ಪೆಯ ಪಕ್ಕದಲ್ಲಿ. ಹಿಗ್ಗನ್ನು ತಡೆಯುವ ಶಕ್ತಿಯೂ ಅಲ್ಲೇ ಹೆಚ್ಚು. ಹಾಗಾಗಿ ಹೊಳೆಯುವ ಹೊರಮೈ ಗುರಿಯ ಕಡೆಗಿರಬೇಕು, ಕೆತ್ತುವುದೆಲ್ಲ ಒಳಮೈಯಲ್ಲಿ ಆಗಬೇಕು. ಕೆತ್ತುವಾಗ ಕೈ ಹಿಡಿತದಲ್ಲಿರಬೇಕು. ಪಟ್ಟಿಯ ಗಡಸುತನ ಅದರ ಅಗಲಕ್ಕೆ ನೇರ ಅನುಪಾತದಲ್ಲಿದ್ದರೆ, ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪದಲ್ಲಿ ಹತ್ತನೇ ಒಂದು ಭಾಗ ಹೆರೆದರೆ ಗಡಸುತನ ಕಾಲುಭಾಗಕ್ಕಿಂತಲೂ ಹೆಚ್ಚು ಇಳಿದುಬಿಡುತ್ತದೆ! ಬಿಲ್ಲಿನ ಎರಡು ತೋಳೂ ಒಂದೇ ಸಮ ಬಾಗುತ್ತಿವೆಯೇ ಎಂದು ಪ್ರತಿ ಸಲ ಹೆರೆದ ಮೇಲೂ ನೋಡಬೇಕು. ಉದ್ದ ಮಗುವಿನ ಎತ್ತರದಷ್ಟಿದ್ದರೆ ಸಾಕು. ತೀರಾ ಗಿಡ್ಡವಾದ ಬಿಲ್ಲು ಎಳೆತದ ಕೊನೆಯಲ್ಲಿ ಥಟ್ಟನೆ ಬಿಗಿಯಾಗಿ, ಹೆದೆ ಬೆರಳುಗಳನ್ನು ಹಿಂಡುತ್ತದೆ.

ಬಿದಿರಿನ ಬಿಲ್ಲೆಂದರೆ ಬರೀ ಆಟಿಕೆಯಲ್ಲ. ರಾಂಚಿ ಬಳಿಯ ರಾತು ಚಟ್ಟಿಯಲ್ಲಿ ಬೆಳೆದ ದೀಪಿಕಾ ಕುಮಾರಿ ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲು ಬಾಣಗಳಿಂದಲೇ ಕಲಿಯಲು ತೊಡಗಿದವರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಅವರಿಗಿನ್ನೂ ಹದಿನಾರು.

ಬಿಲ್ಲಿಗೆ ಕೊಟ್ಟ ಗಮನದಲ್ಲಿ ಅರ್ಧವನ್ನೂ ಜನ ಬಾಣಕ್ಕೆ ಕೊಡುವುದಿಲ್ಲ. ಅಪಾಯವಿರುವುದು, ಸೊಗಸಿರುವುದು ಎರಡೂ ಬಾಣದಲ್ಲೇ. ಮೊದಲನೆಯದು ಉದ್ದ. ಎಳೆತಕ್ಕಿಂತ ಎರಡು ಮೂರು ಇಂಚು ಉದ್ದವಾಗಿಯೇ ಬಾಣವಿರಬೇಕು. ಗಿಡ್ಡವಾದರೆ ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಹಿಂದಕ್ಕೆ ಜಾರುತ್ತದೆ, ಬಿಟ್ಟಾಗ ಬಿಲ್ಲು ಹಿಡಿದ ಕೈಗೇ ನಾಟುತ್ತದೆ. ಎರಡನೆಯದು ಬಾಗುವ ಗುಣ. ಬಿಲ್ಲುಗಾರರು ಇದಕ್ಕೆ ‘ಸ್ಪೈನ್’ ಎನ್ನುತ್ತಾರೆ. ಬಲಗೈಯವರ ಬಾಣ ಬಿಲ್ಲಿನ ಎಡಬದಿಗೆ ಒರಗಿರುತ್ತದೆ, ಆದ್ದರಿಂದ ಅದರ ಮೊನೆ ಗುರಿಗಿಂತ ತುಸು ಎಡಕ್ಕೆ ಮುಖ ಮಾಡಿರುತ್ತದೆ. ಆದರೂ ಹೋಗುವುದು ನೇರ! ಹೇಗೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾದಿಂದ ಸೆರೆಹಿಡಿದರು. ಹೆದೆ ತಳ್ಳಿದಾಗ ಬಾಣ ಬಳುಕುತ್ತದೆ, ಬಿಲ್ಲಿನ ಹಿಡಿಯನ್ನು ಸುತ್ತುವರಿದಂತೆ ನುಣುಚಿಕೊಂಡು, ಅತ್ತಿತ್ತ ಕಂಪಿಸುತ್ತ ಹಾರುತ್ತದೆ.

ಬಳುಕು ಬಿಲ್ಲಿನ ಬಲಕ್ಕೆ ಹೊಂದಿದರೆ ಮಾತ್ರ ಈ ನುಣುಚಾಟ ಸಾಧ್ಯ. ಅಪ್ಪನ 28 ಇಂಚಿನ ಬಾಣವನ್ನು 22 ಇಂಚಿಗೆ ಕತ್ತರಿಸಿ ಮಗಳಿಗೆ ಕೊಟ್ಟರೆ ಏನಾಗುತ್ತದೆ ನೋಡಿ. ಕಡ್ಡಿ ಗಿಡ್ಡವಾದಂತೆ ಅದರ ಗಡಸುತನ ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. ಬಲವಾದ ಬಿಲ್ಲಿಗೆಂದು ಮಾಡಿದ ಬಾಣ ಈಗ ಎರಡು ಪಟ್ಟು ಗಡುಸು, ಅದನ್ನು ತಳ್ಳುವ ಬಿಲ್ಲೋ ಅರ್ಧದಷ್ಟು ಬಲದ್ದು. ಬಾಣ ಬಾಗದೆ ಹಿಡಿಗೆ ತಾಕಿ ಎಡಕ್ಕೆ ಹೋಗುತ್ತದೆ. ತನಗೆ ಗುರಿಯೇ ಬರುವುದಿಲ್ಲವೆಂದು ಮಗು ಸೋತು ಕೂರುತ್ತದೆ, ತಪ್ಪು ಮಾತ್ರ ಬಾಣದ್ದು. ಮಕ್ಕಳಿಗೆ ತೆಳುವಾದ, ಬಳುಕುವ ಬಾಣಗಳೇ ಬೇಕು, ಎಲ್ಲವೂ ಒಂದೇ ತೂಕದ್ದಾಗಿರಬೇಕು. ಬಾಲಕ್ಕೆ ಪ್ಲಾಸ್ಟಿಕ್ಕಿಗಿಂತ ಹಕ್ಕಿಯ ಗರಿ ಒಳ್ಳೆಯದು. ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣ ಕೈ ಸವರಿಕೊಂಡೇ ಹೋಗುವುದರಿಂದ, ತಾಕಿದಾಗ ಮಡಿಚಿಕೊಂಡು ಮತ್ತೆ ಅರಳುವ ಗರಿ ದಾರಿ ತಪ್ಪಿಸುವುದಿಲ್ಲ.

ಎಡಗೈಯೋ ಬಲಗೈಯೋ ಎನ್ನುವುದನ್ನು ಕಣ್ಣು ನೋಡಿ ನಿರ್ಧರಿಸಬೇಕು. ಎರಡೂ ಅಂಗೈ ಸೇರಿಸಿ ನಡುವೆ ಪುಟ್ಟ ಕಿಂಡಿ ಮಾಡಿ, ದೂರದ ವಸ್ತುವೊಂದನ್ನು ಅದರೊಳಗಿಂದ ನೋಡುತ್ತ ಒಂದೊಂದೇ ಕಣ್ಣು ಮುಚ್ಚಲು ಮಗುವಿಗೆ ಹೇಳಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಬಲ ಕಣ್ಣು. ಹೆದೆ ಎಳೆಯುವ ಕೈ ಆ ಬದಿಯದಾದರೆ ಗುರಿ ಸಲೀಸು. ಹೆದೆಯನ್ನು ಯಾವ ಬೆರಳಿನಿಂದ ಎಳೆಯಬೇಕು ಎಂದಾಗ ಏಕಲವ್ಯನ ಕಥೆಯ ಹೆಬ್ಬೆರಳು ನೆನಪಾಗಬಹುದು. ಹೆಬ್ಬೆರಳಿನಿಂದ ಹೆದೆ ಎಳೆಯುವುದು ಏಷ್ಯಾದ ಹಳೆಯ ಪದ್ಧತಿ, ಮೊಘಲರ ಕಾಲದ ಹೆಬ್ಬೆರಳ ಉಂಗುರಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಆದರೆ ಅದು ಭಾರವನ್ನೆಲ್ಲ ಒಂದೇ ಕೀಲಿಗೆ ಹೊರಿಸುತ್ತದೆ. ಎಳೆಯ ಕೈಗೆ ಮೂರು ಬೆರಳಿನ ಹಿಡಿತ, ಬೆರಳಿಗೊಂದು ಚರ್ಮದ ತುಂಡು ಸರಿ.

ಹಗುರದ ಬಿಲ್ಲೆಂದು ಉದಾಸೀನ ಮಾಡುವಂತಿಲ್ಲ. 12 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದಾಗ ಅದರಲ್ಲಿ ಸುಮಾರು 9 ಜೌಲ್ ಶಕ್ತಿ ಕೂಡಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬಾಣಕ್ಕೆ ದಾಟಿದರೂ 20 ಗ್ರಾಂ ಬಾಣ ಗಂಟೆಗೆ ಸುಮಾರು 80 ಕಿ.ಮೀ. ವೇಗ ಪಡೆಯುತ್ತದೆ. ಬಿಲ್ಲು ಬಾಣದ ಆಟದಲ್ಲಿ ಕಣ್ಣು ಕಳೆದುಕೊಂಡ ಮಕ್ಕಳ ಪ್ರಕರಣಗಳು ಭಾರತದ ನೇತ್ರವೈದ್ಯರ ಬರಹಗಳಲ್ಲಿ ದಾಖಲಾಗಿವೆ. ತೆಂಗಿನ ಕಡ್ಡಿಯ ಬಾಣವೂ ಕಣ್ಣಿಗೆ ಬಾಣವೇ. ಮೊಂಡು ಮೊನೆ ಇರಲಿ, ಗುರಿಯ ಹಿಂದೆ ಗೋಡೆಯೋ ಹುಲ್ಲಿನ ಬಣವೆಯೋ ಇರಲಿ, ಒಬ್ಬ ದೊಡ್ಡವರು ಪಕ್ಕದಲ್ಲೇ ನಿಂತಿರಲಿ. ಬಾಣವಿಲ್ಲದೆ ಹೆದೆ ಎಳೆದು ಬಿಡಲು ಎಂದೂ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ತೋಳುಗಳಿಗೇ ಮರಳಿ, ಬಿಲ್ಲು ಸಿಡಿದು ಮುರಿಯಬಹುದು.

ಶುರುವಿಗೆ ಐದು ಮೀಟರ್ ದೂರ, ಮೊರದಗಲದ ಗುರಿ ಇದ್ದರೆ ಮಗುವಿಗೆ ಹುರುಪು ಬರುತ್ತದೆ. ಆರು ತಿಂಗಳಿಗೊಮ್ಮೆ ತೋಳಿನ ಚಾಚು ಅಳೆದು, ಬಾಣದ ಉದ್ದ ಇನ್ನೂ ಸಾಲುತ್ತದೆಯೇ ಎಂದು ಮೊದಲು ನೋಡಬೇಕು, ಬಿಲ್ಲಿನ ಬಿಗಿ ಏರಿಸುವ ಮಾತು ಆಮೇಲೆ. ಬಿದಿರಿನ ಬಿಲ್ಲಿನಲ್ಲೇ ಮುಂದುವರಿಯಬಯಸುವವರಿಗೆ ನಮ್ಮ ದೇಶದಲ್ಲಿ ‘ಇಂಡಿಯನ್ ರೌಂಡ್’ ಎಂಬ ಪ್ರತ್ಯೇಕ ಸ್ಪರ್ಧಾವಿಭಾಗವೇ ಇದೆ. ಅಲ್ಲಿ ಗುರಿ 30 ಮತ್ತು 50 ಮೀಟರ್ ದೂರದಲ್ಲಿರುತ್ತದೆ.