ಕಡಲಿನ ನೀಲಿಯೂ ವಾದದ ಬಲಾಬಲವೂ

ತರ್ಕಪರೀಕ್ಷೆಗಳಲ್ಲಿ ಒಂದು ವಾದವನ್ನು ಕೊಟ್ಟು, ‘ಕೆಳಗಣ ಹೇಳಿಕೆಗಳಲ್ಲಿ ಇದನ್ನು ಅತ್ಯಂತ ದುರ್ಬಲಗೊಳಿಸುವುದು ಯಾವುದು?’ ಎಂದು ಕೇಳುವುದುಂಟು. ಬುದ್ಧಿವಂತರೂ ಇಲ್ಲಿ ಎಡವುತ್ತಾರೆ. ಭೌತವಿಜ್ಞಾನದ ಚರಿತ್ರೆಯಿಂದಲೇ ಒಂದು ನಿದರ್ಶನವನ್ನು ತೆಗೆದುಕೊಂಡು ಇದರ ಮರ್ಮವನ್ನು ಪರಿಶೀಲಿಸೋಣ.

ಆಳವಾದ ಕಡಲು ನೀಲಿಯಾಗಿ ಕಾಣುವುದೇಕೆ? ಆಂಗ್ಲ ವಿಜ್ಞಾನಿ ಲಾರ್ಡ್ ರೇಲೀಯವರ ವಾದದ ಸಾರಾಂಶವಿದು: ಆಕಾಶವು ನೀಲಿ, ನೀರಿನ ಮೇಲ್ಮೈ ಬೆಳಕನ್ನು ಪ್ರತಿಫಲಿಸುತ್ತದೆ, ಆದುದರಿಂದ ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವಲ್ಲದೆ ಬೇರೇನೂ ಅಲ್ಲ.

ಈಗ ನಾಲ್ಕು ಹೇಳಿಕೆಗಳನ್ನು ನೋಡೋಣ:

1. ಆಕಾಶದ ನೀಲಿಗೆ ವಾಯುವಿನ ಅಣುಗಳು ಬೆಳಕನ್ನು ಚದರಿಸುವುದೇ ಕಾರಣ.
2. ಮಳೆಗಾಲದಲ್ಲಿ ಅನೇಕ ನದಿಗಳ ನೀರು ಕೆಂಪಾಗಿರುತ್ತದೆ.
3. ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ.
4. ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದರೂ ಕಡಲು ನೀಲಿಯಾಗಿಯೇ ಕಾಣುತ್ತದೆ.

ಪ್ರತಿಯೊಂದು ಹೇಳಿಕೆಯನ್ನೂ ನಿಜವೆಂದೇ ಭಾವಿಸಬೇಕು. ಅದರೊಡನೆ ಜಗಳಕ್ಕಿಳಿಯುವುದು ನಮ್ಮ ಕೆಲಸವಲ್ಲ. ‘ಇದು ನಿಜವಾದರೆ ತೀರ್ಮಾನದಲ್ಲಿ ನಮ್ಮ ನಂಬಿಕೆ ಕುಗ್ಗುವುದೇ?’ ಎಂಬುದೊಂದೇ ಪ್ರಶ್ನೆ.

ಮೊದಲನೆಯದು ಆಕಾಶವು ನೀಲಿಯಾದ ಬಗೆಯನ್ನು ವಿವರಿಸುತ್ತದೆ. ಅದರಿಂದ ವಾದಕ್ಕೆ ಯಾವ ಹಾನಿಯೂ ಇಲ್ಲ. ಎರಡನೆಯದು ಮಣ್ಣು ಕದಡಿದ ನೀರಿನ ವಿಷಯ. ವಾದವಾದರೋ ಆಳವಾದ ಕಡಲನ್ನು ಕುರಿತದ್ದು. ಮೂರನೆಯದು ಭಿನ್ನಾಭಿಪ್ರಾಯವನ್ನು ತಿಳಿಸುವುದೇ ಹೊರತು ಅದರ ಕಾರಣವನ್ನು ತಿಳಿಸದು. ನಾಲ್ಕನೆಯದು ಮಾತ್ರ ಆಧಾರಕ್ಕೂ ತೀರ್ಮಾನಕ್ಕೂ ನಡುವಣ ಸೇತುವೆಯನ್ನೇ ಮುರಿಯುತ್ತದೆ. ಕಾರಣವೆಂದು ಹೇಳಿದ್ದನ್ನು ತೆಗೆದುಹಾಕಿದ ಮೇಲೂ ಕಾರ್ಯ ಉಳಿದರೆ, ಅದೊಂದೇ ಕಾರಣವೆನ್ನುವುದು ಹೇಗೆ?

ಇದು ಕೇವಲ ಕಲ್ಪನೆಯಲ್ಲ. 1921ರಲ್ಲಿ ಇಂಗ್ಲೆಂಡಿನಿಂದ ‘ನರ್ಕುಂಡಾ’ ಹಡಗಿನಲ್ಲಿ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ ಅವರು ನಿಕೋಲ್ ಪಟ್ಟಕದ ಮೂಲಕ ಕಡಲನ್ನು ವೀಕ್ಷಿಸಿದರು. ಲಂಬಕ್ಕೆ ಸುಮಾರು 53 ಡಿಗ್ರಿ ಕೋನದಲ್ಲಿ ನೀರಿನಿಂದ ಪ್ರತಿಫಲಿಸಿದ ಬೆಳಕು ಧ್ರುವೀಕೃತವಾಗಿರುವುದರಿಂದ, ಪಟ್ಟಕವನ್ನು ತಕ್ಕಂತೆ ತಿರುಗಿಸಿ ಅದನ್ನು ತಡೆಯಬಹುದು. ಹಾಗೆ ತಡೆದಾಗ ನೀಲಿ ಅಳಿಯಲಿಲ್ಲ, ಮತ್ತಷ್ಟು ಗಾಢವಾಯಿತು!

ಒಂದು ಎಚ್ಚರಿಕೆ ಅಗತ್ಯ. ದುರ್ಬಲಗೊಳಿಸುವುದೆಂದರೆ ಸಂಪೂರ್ಣವಾಗಿ ಖಂಡಿಸುವುದೆಂದಲ್ಲ. ನೀರಿನಲ್ಲಿ ಆಕಾಶ ಪ್ರತಿಫಲಿಸುವುದು ನಿಜವೇ. ಬಿದ್ದುಹೋದದ್ದು ‘ಬೇರೇನೂ ಅಲ್ಲ’ ಎಂಬ ಮಾತು. ನಿಜವಾದ ಕಾರಣವೇನೆಂಬುದನ್ನೂ ನಾಲ್ಕನೆಯ ಹೇಳಿಕೆ ತಿಳಿಸುವುದಿಲ್ಲ. ನೀರು ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆಳದಿಂದ ಚದರಿ ಮರಳುವ ಬೆಳಕಿನಲ್ಲಿ ನೀಲಿಯೇ ಮಿಗಿಲಾಗಿ ಉಳಿಯುತ್ತದೆ ಎಂಬುದು ಇಂದಿನ ತಿಳಿವಳಿಕೆ.

ದ್ರವಗಳಲ್ಲಿ ಬೆಳಕು ಚದರುವುದನ್ನು ಕುರಿತ ರಾಮನ್ನರ ಶೋಧನೆಯು ಅಲ್ಲಿಂದ ಮುಂದುವರಿದು, 1928ರ ಫೆಬ್ರುವರಿ 28ರಂದು ಅವರ ಹೆಸರಿನ ಪರಿಣಾಮವನ್ನೇ ಬೆಳಕಿಗೆ ತಂದಿತು. ಸರಿಯಾದ ಆಕ್ಷೇಪಣೆಯನ್ನು ಆರಿಸಬಲ್ಲವನಿಗೆ ಪರೀಕ್ಷೆಯ ಅಂಕಗಳಷ್ಟೇ ಅಲ್ಲ, ಹೊಸ ಹಾದಿಯೂ ದೊರೆತೀತು.