ಬಂದೂಕಿನ ತಪಾಸಣೆಯೂ ರೋಗಿಯ ಗೌಪ್ಯವೂ

ಅಮೆರಿಕದಲ್ಲಿ ಪರವಾನಗಿಯುಳ್ಳ ವ್ಯಾಪಾರಿಯಿಂದ ಬಂದೂಕು ಕೊಳ್ಳುವವರ ಪೂರ್ವವೃತ್ತವನ್ನು ಪರಿಶೀಲಿಸುವ ರಾಷ್ಟ್ರೀಯ ವ್ಯವಸ್ಥೆಯೊಂದಿದೆ. 1993ರ ಬ್ರಾಡಿ ಕಾಯಿದೆಯ ಫಲವಾಗಿ ಹುಟ್ಟಿದ ಇದು 1998ರ ನವೆಂಬರ್‌ನಿಂದ ಎಫ್‌ಬಿಐ ಅಧೀನದಲ್ಲಿ ನಡೆಯುತ್ತಿದೆ. ವ್ಯಾಪಾರಿಗೆ ದೊರೆಯುವ ಉತ್ತರ ಮೂರು ಬಗೆಯದು: ಮಾರಬಹುದು, ಕಾಯಬೇಕು, ಮಾರಕೂಡದು. ಕಾರಣವನ್ನು ಅವನಿಗೆ ತಿಳಿಸುವುದಿಲ್ಲ.

ಮನೋರೋಗವಿದ್ದ ಮಾತ್ರಕ್ಕೆ ಯಾರಿಗೂ ನಿಷೇಧವಿಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ವ್ಯಕ್ತಿಯು ಮಾನಸಿಕ ಕಾರಣದಿಂದ ತನಗೋ ಪರರಿಗೋ ಅಪಾಯಕಾರಿಯೆಂದು ನ್ಯಾಯಾಲಯವಾಗಲಿ ಅಧಿಕೃತ ಮಂಡಳಿಯಾಗಲಿ ತೀರ್ಮಾನಿಸಿದ್ದರೆ, ಅಥವಾ ಅವನನ್ನು ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಗೆ ಒಪ್ಪಿಸುವ ವಿಧಿಬದ್ಧ ಆದೇಶವಾಗಿದ್ದರೆ, 1968ರ ಕಾಯಿದೆಯ ನಿಷೇಧ ಅನ್ವಯಿಸುತ್ತದೆ. ಖಿನ್ನತೆಗೆ ತಾನಾಗಿಯೇ ಚಿಕಿತ್ಸೆ ಪಡೆದವನು ಅಷ್ಟರಿಂದಲೇ ಈ ಪಟ್ಟಿಗೆ ಸೇರುವುದಿಲ್ಲ.

ಆದರೆ ಇಂಥ ಆದೇಶಗಳ ದಾಖಲೆಗಳು ಬಹುಪಾಲು ರಾಜ್ಯಗಳ ಕೈಯಲ್ಲಿರುತ್ತವೆ. ಅವನ್ನು ಕಳುಹಿಸಲೇಬೇಕೆಂದು ಒಕ್ಕೂಟ ಸರಕಾರವು ರಾಜ್ಯಗಳನ್ನು ನಿರ್ಬಂಧಿಸಲಾರದು. ಈ ಕೊರತೆಯ ಪರಿಣಾಮ 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಕಂಡಿತು. ಅಲ್ಲಿ 32 ಜನರನ್ನು ಕೊಂದ ವಿದ್ಯಾರ್ಥಿಗೆ ಹೊರರೋಗಿಯಾಗಿ ಚಿಕಿತ್ಸೆ ಪಡೆಯುವಂತೆ ನ್ಯಾಯಾಲಯ 2005ರಲ್ಲಿಯೇ ಆದೇಶಿಸಿತ್ತು. ಆ ದಾಖಲೆ ಮಾತ್ರ ತಪಾಸಣಾ ವ್ಯವಸ್ಥೆಯನ್ನು ತಲುಪಿರಲಿಲ್ಲ. ಮುಂದೆ, ದಾಖಲೆ ಕಳುಹಿಸುವ ರಾಜ್ಯಗಳಿಗೆ ಅನುದಾನ ನೀಡುವ ಕಾಯಿದೆಗೆ 2008ರ ಜನವರಿಯಲ್ಲಿ ಅಂಕಿತ ಬಿದ್ದಿತು.

ಉಳಿದದ್ದು ಗೌಪ್ಯದ ಪ್ರಶ್ನೆ. ರೋಗಿಯ ಮಾಹಿತಿಯನ್ನು ಕಾಯುವ ಹಿಪಾ ನಿಯಮಕ್ಕೆ 2016ರಲ್ಲಿ ತಂದ ತಿದ್ದುಪಡಿ ಇದಕ್ಕೊಂದು ಗಡಿರೇಖೆ ಎಳೆಯಿತು. ಆದೇಶ ಹೊರಡಿಸುವ ಅಥವಾ ಅಂಥ ದಾಖಲೆಗಳನ್ನು ಸಂಗ್ರಹಿಸುವ ಕೆಲವು ಸಂಸ್ಥೆಗಳಿಗಷ್ಟೇ ಅನುಮತಿ. ಅವು ತಿಳಿಸಬಹುದಾದದ್ದು ವ್ಯಕ್ತಿಯ ಗುರುತು ಮತ್ತು ನಿಷೇಧಕ್ಕೆ ಸಂಬಂಧಿಸಿದ ಅಗತ್ಯ ವಿವರ ಮಾತ್ರ. ರೋಗನಿದಾನ, ಚಿಕಿತ್ಸೆಯ ವಿವರ ಕೊಡುವಂತಿಲ್ಲ. ಕೇವಲ ಚಿಕಿತ್ಸೆ ನೀಡುವ ವೈದ್ಯರಿಗೆ ಈ ಅನುಮತಿಯೇ ಇಲ್ಲ.

ಈ ಎಚ್ಚರಿಕೆ ಸಕಾರಣವಾದುದು. ವೈದ್ಯರೆದುರು ಆಡಿದ ಮಾತು ಪೊಲೀಸರ ಕಡತ ಸೇರುತ್ತದೆಂದು ಜನ ಅಂಜಿದರೆ ಚಿಕಿತ್ಸೆಗೇ ಬರಲಾರರು. ಆ ದೇಶದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೆಂಬುದನ್ನು ನೆನೆದರೆ, ಹಾಗೆ ದೂರ ಉಳಿಯುವುದರ ಅಪಾಯ ಮೊದಲು ರೋಗಿಗೇ.

ಭಾಷಾ ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠವೂ ಉಂಟು. ಈ ಕಾನೂನನ್ನು ಕನ್ನಡಿಸುವಾಗ ‘ಹುಚ್ಚರಿಗೆ ಬಂದೂಕಿಲ್ಲ’ ಎಂದು ಬರೆಯುವುದು ಸುಲಭ; ಆದರೆ ಹಾಗೆ ಬರೆದರೆ ತೀರ್ಪಿನ ಜಾಗದಲ್ಲಿ ರೋಗವೂ, ಆದೇಶದ ಜಾಗದಲ್ಲಿ ಕಳಂಕವೂ ಬಂದು ಕೂರುತ್ತವೆ.