ಎಕ್ಸಾಮ್ ಹಾಲಿನಲ್ಲಿ ಮತ ಎಣಿಕೆ

ಡಬ್ಲಿನ್ ನಗರದ ಕಾಲೇಜ್ ಗ್ರೀನ್‌ನಲ್ಲಿ ಬಸ್ಸು, ಟ್ರಾಮು, ಸೈಕಲ್ಲು, ಪ್ರವಾಸಿಗರ ಗುಂಪು ಎಲ್ಲವೂ ಒಂದೇ ತಿರುವಿನಲ್ಲಿ ಕೂಡಿಕೊಳ್ಳುತ್ತವೆ. ಒಂದು ಬದಿಗೆ ಟ್ರಿನಿಟಿ ಕಾಲೇಜಿನ ಹೆಬ್ಬಾಗಿಲು. ಅದರ ಅತ್ತಿತ್ತ ಎಡ್ಮಂಡ್ ಬರ್ಕ್ ಮತ್ತು ಆಲಿವರ್ ಗೋಲ್ಡ್‌ಸ್ಮಿತ್ ಪ್ರತಿಮೆಗಳಾಗಿ ನಿಂತಿದ್ದಾರೆ. ಇಬ್ಬರೂ ಇಲ್ಲೇ ಓದಿದವರು. ರಸ್ತೆಯಾಚೆ, ಸಾಲುಗಂಬಗಳ ಬೂದುಬಣ್ಣದ ಭಾರೀ ಕಟ್ಟಡ. ಇಂದು ಅದು ಬ್ಯಾಂಕು. 1800ರವರೆಗೆ ಐರ್ಲೆಂಡಿನ ಪಾರ್ಲಿಮೆಂಟು.

ಬಾಗಿಲ ಕಮಾನು ದಾಟಿ ಒಳಗೆ ಕಾಲಿಟ್ಟರೆ ಗುಂಡುಕಲ್ಲು ಹಾಸಿದ ವಿಶಾಲ ಅಂಗಳ, ಎದುರಿಗೆ ಗಂಟೆಗೋಪುರ. ಗಂಟೆ ಬಾರಿಸುವ ಹೊತ್ತಿಗೆ ಅದರ ಕೆಳಗೆ ಹಾದವರು ಪರೀಕ್ಷೆಯಲ್ಲಿ ನಪಾಸಾಗುತ್ತಾರೆಂದು ವಿದ್ಯಾರ್ಥಿಗಳು ಸುತ್ತು ಬಳಸಿ ಹೋಗುತ್ತಾರೆ. ಎಡಕ್ಕೆ ಪ್ರಾರ್ಥನಾ ಮಂದಿರ, ಬಲಕ್ಕೆ ಎಕ್ಸಾಮ್ ಹಾಲ್. ವಿಲಿಯಂ ಚೇಂಬರ್ಸ್ ನಕ್ಷೆ ಹಾಕಿದ, ಹದಿನೆಂಟನೆಯ ಶತಮಾನದ ಈ ಹಾಲಿನ ಗಾರೆ ಕೆತ್ತನೆಯ ಛಾವಣಿಯಿಂದ ಚಿನ್ನದ ಲೇಪದ ದೊಡ್ಡ ಮರದ ತೂಗುದೀಪವೊಂದು ಇಳಿಬಿದ್ದಿದೆ. ಅದು ಎದುರಿನ ಹಳೆಯ ಪಾರ್ಲಿಮೆಂಟಿನ ಕೆಳಮನೆಯಲ್ಲಿ ತೂಗುತ್ತಿದ್ದದ್ದು. ಬ್ರಿಟನ್ನಿನೊಂದಿಗಿನ ವಿಲೀನದಲ್ಲಿ ಪಾರ್ಲಿಮೆಂಟೇ ಇಲ್ಲವಾಯಿತು, ಕೆಳಮನೆಯ ಸಭಾಂಗಣವನ್ನು ಕೆಡವಿದರು, ದೀಪ ರಸ್ತೆ ದಾಟಿ ಕಾಲೇಜಿಗೆ ಬಂತು.

2022ರ ಮಾರ್ಚ್ ಕೊನೆಗೆ ಈ ದೀಪದ ಕೆಳಗೆ ಉತ್ತರ ಪತ್ರಿಕೆಗಳ ಬದಲು ಮತಪತ್ರಗಳು ಬಂದು ಬಿದ್ದವು. ಐರ್ಲೆಂಡಿನ ಮೇಲ್ಮನೆಯಾದ ಶನದ್‌ನಲ್ಲಿ ಡಬ್ಲಿನ್ ವಿಶ್ವವಿದ್ಯಾಲಯಕ್ಕೆ, ಅಂದರೆ ಟ್ರಿನಿಟಿಗೆ, ಮೀಸಲಾದ ಮೂರು ಸ್ಥಾನಗಳಲ್ಲಿ ಒಂದು ತೆರವಾಗಿತ್ತು. ಅದಕ್ಕೆ ಉಪಚುನಾವಣೆ.

ಒಂದು ಕಾಲೇಜಿಗೆ ದೇಶದ ಸಂಸತ್ತಿನಲ್ಲಿ ಕುರ್ಚಿ ಎಂದರೆ ನಮಗೆ ವಿಚಿತ್ರ. ಅಲ್ಲಿ ಅದು ನಾನೂರು ವರ್ಷದ ರೂಢಿ. ಟ್ರಿನಿಟಿಗೆ ಇಬ್ಬರು ಪ್ರತಿನಿಧಿಗಳನ್ನು ಕಳಿಸುವ ಹಕ್ಕನ್ನು ದೊರೆ ಒಂದನೆಯ ಜೇಮ್ಸ್ 1613ರಲ್ಲಿ ಕೊಟ್ಟ. ವಿಲೀನದ ನಂತರ ಆ ಪ್ರತಿನಿಧಿತ್ವ ಲಂಡನ್ನಿಗೆ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಡಬ್ಲಿನ್ನಿನ ಕೆಳಮನೆ ಡಾಯ್ಲ್‌ಗೆ ಮರಳಿತು. 1937ರ ಸಂವಿಧಾನ ಅದನ್ನು ಮೇಲ್ಮನೆಗೆ ಒಯ್ದಿತು. ಶನದ್‌ನಲ್ಲಿ ಒಟ್ಟು 60 ಜನ. 11 ಮಂದಿ ಪ್ರಧಾನಿಯ ನಾಮಕರಣ, 43 ಮಂದಿ ವೃತ್ತಿಕ್ಷೇತ್ರಗಳ ಹೆಸರಿನ ಪಟ್ಟಿಗಳಿಂದ ರಾಜಕಾರಣಿಗಳೇ ಆರಿಸುವವರು. ಉಳಿದ ಆರು ಪದವೀಧರರದು: ಆಗ ಮೂರು ಟ್ರಿನಿಟಿಗೆ, ಮೂರು ನ್ಯಾಷನಲ್ ಯೂನಿವರ್ಸಿಟಿಗೆ. ಸಾಮಾನ್ಯ ನಾಗರಿಕನೊಬ್ಬ ಶನದ್‌ಗೆ ನೇರವಾಗಿ ಮತ ಹಾಕುತ್ತಿದ್ದುದು ಈ ಆರಕ್ಕೆ ಮಾತ್ರ, ಅದೂ ಕೈಯಲ್ಲಿ ಆ ಪದವಿಯಿದ್ದರೆ.

ಸ್ಥಾನ ತೆರವಾದದ್ದು ಸಾವಿನಿಂದಲ್ಲ, ಗೆಲುವಿನಿಂದ. 2007ರಿಂದ ಇಲ್ಲಿ ಸೆನೆಟರ್ ಆಗಿದ್ದ ಇವಾನಾ ಬಾಸಿಕ್ ಟ್ರಿನಿಟಿಯಲ್ಲಿ ಕಾನೂನು ಪ್ರಾಧ್ಯಾಪಕಿಯಾಗಿದ್ದವರು. ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿದ್ದಾಗ, ಗರ್ಭಪಾತದ ಮಾಹಿತಿ ಹಂಚಿದ್ದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಜೈಲಿನ ಬೆದರಿಕೆ ಎದುರಿಸಿದವರು. 2021ರ ಜುಲೈಯಲ್ಲಿ ಡಬ್ಲಿನ್ ಬೇ ಸೌತ್ ಕ್ಷೇತ್ರದ ಉಪಚುನಾವಣೆ ಗೆದ್ದು ಅವರು ಕೆಳಮನೆಗೆ ಹೋದರು. ಅವರು ಬಿಟ್ಟ ಕುರ್ಚಿಗೆ ಮತಪತ್ರಗಳು ಅಂಚೆಯಲ್ಲಿ ಓಡಾಡುತ್ತಿದ್ದ ದಿನಗಳಲ್ಲೇ, 2022ರ ಮಾರ್ಚ್ 24ರಂದು, ಲೇಬರ್ ಪಕ್ಷದ ನಾಯಕಿಯೂ ಆದರು.

ಈ ಚುನಾವಣೆಗೆ ಮತಗಟ್ಟೆಯಿಲ್ಲ, ಸರತಿ ಸಾಲಿಲ್ಲ, ಬೆರಳಿಗೆ ಶಾಯಿಯಿಲ್ಲ. ಅರವತ್ತು ಸಾವಿರಕ್ಕೂ ಮೇಲ್ಪಟ್ಟ ಮತದಾರರಿಗೆ ಮನೆ ಬಾಗಿಲಿಗೇ ಲಕೋಟೆ ಬರುತ್ತದೆ. ಒಳಗೆ ಮತಪತ್ರ, ನಾನು ನಾನೇ ಎಂದು ಸಹಿ ಹಾಕಬೇಕಾದ ಘೋಷಣಾ ಪತ್ರ, ಮರಳಿ ಕಳಿಸುವ ಲಕೋಟೆ. ಅದಕ್ಕೂ ಮೊದಲು ಅಭ್ಯರ್ಥಿಗಳ ಕರಪತ್ರಗಳು ಬಂದಿರುತ್ತವೆ. ಪ್ರತಿ ಮತದಾರನಿಗೆ ಒಂದರಂತೆ ಅಂಚೆವೆಚ್ಚವಿಲ್ಲದೆ ಕಳಿಸಲು ಅಭ್ಯರ್ಥಿಗೆ ಅವಕಾಶವಿದೆ. ಕ್ಷೇತ್ರಕ್ಕೆ ಗಡಿಯೇ ಇಲ್ಲದಿರುವಾಗ ಮನೆಮನೆ ಪ್ರಚಾರ ಮಾಡುವುದು ಹೇಗೆ? ಮತದಾರ ಕಾರ್ಕ್‌ನಲ್ಲಿರಬಹುದು, ಬೆಲ್‌ಫಾಸ್ಟ್‌ನಲ್ಲಿ, ಬೋಸ್ಟನ್ನಿನಲ್ಲಿ, ಸಿಡ್ನಿಯಲ್ಲಿ ಇರಬಹುದು.

ನನ್ನನ್ನು ಬಹಳ ಕಾಡುವುದು ಈ ಸಿಡ್ನಿಯ ಲಕೋಟೆಯೇ. ತಲೆಮಾರುಗಳಿಂದ ಮಕ್ಕಳನ್ನು ಹಡಗು ಹತ್ತಿಸಿ ಕಳಿಸಿದ ದೇಶ ಐರ್ಲೆಂಡ್. ಹಾಗೆ ಹೊರಟುಹೋಗಿ ನೆಲೆಸಿದವರಿಗೆ ಅದು ಡಾಯ್ಲ್ ಚುನಾವಣೆಯಲ್ಲಿ ಮತ ಕೊಡುವುದಿಲ್ಲ, ರಾಷ್ಟ್ರಪತಿ ಚುನಾವಣೆಯಲ್ಲೂ ಇಲ್ಲ. ಐರಿಷ್ ಪೌರತ್ವವಿರುವ ಟ್ರಿನಿಟಿ ಅಥವಾ ನ್ಯಾಷನಲ್ ಯೂನಿವರ್ಸಿಟಿ ಪದವೀಧರನಿಗೆ ಮಾತ್ರ, ಅವನು ಭೂಮಿಯ ಯಾವ ಮೂಲೆಯಲ್ಲಿದ್ದರೂ, ತಾಯ್ನಾಡಿನ ಮತಪತ್ರವೊಂದು ತಲುಪುತ್ತಿತ್ತು. ಅದೇ ಸಿಡ್ನಿಯಲ್ಲಿ ದುಡಿಯುವ ಐರಿಷ್ ಬಡಗಿಗೆ ಅದು ತಲುಪುತ್ತಿರಲಿಲ್ಲ. ಈ ಏರ್ಪಾಟಿನ ಚೆಲುವೂ ಅನ್ಯಾಯವೂ ಒಂದೇ ಲಕೋಟೆಯೊಳಗಿದ್ದವು.

ನಮ್ಮ ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರ ಕಂಡವರಿಗೆ ಇದರ ಅರ್ಧ ಚಹರೆ ಪರಿಚಿತ. ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರವು. ಆಯೋಗ ಕೊಡುವ ನೇರಳೆ ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುವ ಕ್ರಮವೂ ಅದೇ ಕುಲದ್ದು. ಆದರೆ ಇಲ್ಲಿ ಪದವಿ ಯಾವ ವಿಶ್ವವಿದ್ಯಾಲಯದ್ದಾದರೂ ಸರಿ, ವಾಸ ಮಾತ್ರ ಕ್ಷೇತ್ರದೊಳಗೇ ಇರಬೇಕು. ಅಲ್ಲಿ ವಾಸ ಎಲ್ಲಿದ್ದರೂ ಸರಿ, ಪದವಿ ಆ ಒಂದು ಮನೆಯದೇ ಆಗಬೇಕಿತ್ತು.

ಎಣಿಕೆಗೆ ಬರೋಣ. ಚುನಾವಣಾಧಿಕಾರಿ ಬೇರಾರೂ ಅಲ್ಲ, ಕಾಲೇಜಿನ ಮುಖ್ಯಸ್ಥರಾದ ಪ್ರೊವೋಸ್ಟರೇ. ಆಗ ಆ ಹುದ್ದೆಯಲ್ಲಿದ್ದವರು ಲಿಂಡಾ ಡಾಯ್ಲ್, ಟ್ರಿನಿಟಿಯ ಇತಿಹಾಸದಲ್ಲೇ ಮೊದಲ ಮಹಿಳಾ ಪ್ರೊವೋಸ್ಟ್. ಲಕೋಟೆಗಳನ್ನು ಒಡೆದು, ಘೋಷಣೆಯ ಸಹಿ ನೋಡಿ, ಮತಪತ್ರವನ್ನು ಬೇರ್ಪಡಿಸಿದ ಮೇಲೆ ಯಾವ ಮತ ಯಾರದೆಂದು ಗೊತ್ತಾಗುವಂತಿಲ್ಲ. ಆಮೇಲೆ ಕಟ್ಟುಗಳು. ಯಾರ ಹೆಸರಿನ ಮುಂದೆ '1' ಇದೆಯೋ ಅವರ ಕಟ್ಟಿಗೆ ಆ ಕಾಗದ.

ಭರ್ತಿಯಾಗಬೇಕಾದ್ದು ಒಂದೇ ಸ್ಥಾನ, ಆದ್ದರಿಂದ ಗೆಲುವಿಗೆ ನಿಗದಿಯಾದ ಗುರಿ ಸಿಂಧುವಾದ ಮತಗಳ ಅರ್ಧಕ್ಕಿಂತ ಒಂದಾದರೂ ಹೆಚ್ಚು. ಕಣದಲ್ಲಿದ್ದವರ ಸಂಖ್ಯೆ ಹದಿನೈದನ್ನು ದಾಟಿತ್ತು. ಡಬ್ಲಿನ್ನಿನ ಮಾಜಿ ಲಾರ್ಡ್ ಮೇಯರ್ ಹೇಜಲ್ ಚು, ಐರ್ಲೆಂಡಿನ ಪರ ರಗ್ಬಿ ಆಡಿದ್ದ ಹ್ಯೂಗೋ ಮ್ಯಾಕ್‌ನೀಲ್ ಅವರಲ್ಲಿದ್ದರು. ಇಷ್ಟು ಜನ ಹಂಚಿಕೊಂಡ ಮೇಲೆ ಮೊದಲ ಸುತ್ತಿನಲ್ಲೇ ಅರ್ಧ ಮುಟ್ಟುವ ಮಾತೆಲ್ಲಿ? ಆಗ ಕೊನೆಯವರನ್ನು ಕೈಬಿಡುತ್ತಾರೆ. ಅವರ ಕಟ್ಟು ಬಿಚ್ಚಿ, ಪ್ರತಿ ಕಾಗದದಲ್ಲೂ '2' ಯಾರ ಮುಂದಿದೆ ಎಂದು ಹುಡುಕಿ ಅವರಿಗೆ ವರ್ಗಾಯಿಸುತ್ತಾರೆ. ಮತ್ತೆ ಕೂಡುವುದು, ಮತ್ತೆ ಕೊನೆಯವರು ಹೊರಗೆ. ವಿಳಾಸದಾರ ಮನೆ ಬಿಟ್ಟಿದ್ದರೆ ಕಾಗದವನ್ನು ಮುಂದಿನ ವಿಳಾಸಕ್ಕೆ ದಾಟಿಸುವ ಹಳ್ಳಿಯ ಅಂಚೆಯವನಂತೆ, ಎಣಿಕೆಯವರ ಬೆರಳು ಒಂದೊಂದು ಮತವನ್ನೂ ಅದು ಸಲ್ಲಬೇಕಾದ ಕಡೆಗೆ ದಾಟಿಸುತ್ತಾ ಹೋಗುತ್ತದೆ.

ನಿಧಾನದ ಕೆಲಸ. ಆದರೆ ಈ ನಿಧಾನದಲ್ಲಿ ಒಂದು ಘನತೆಯಿದೆ. ಸೋಲುವವನಿಗೆ ಹಾಕಿದ ಮತವೂ ಇಲ್ಲಿ ಸೋಲುವುದಿಲ್ಲ. ಅಭ್ಯರ್ಥಿಯೂ ಎದುರಾಳಿಯನ್ನು ಹಿಗ್ಗಾಮುಗ್ಗಾ ಬೈಯಲಾರ, ಏಕೆಂದರೆ ಆ ಎದುರಾಳಿಯ ಬೆಂಬಲಿಗರ ಎರಡನೆಯ, ಮೂರನೆಯ ಪ್ರಾಶಸ್ತ್ಯ ಅವನಿಗೂ ಬೇಕು. ಒಂದೇ ಗುಂಪಿನ ಮೆಚ್ಚುಗೆ ಸಾಲದು; ಪರರ ಮನೆಯಲ್ಲೂ ಒಂದಿಷ್ಟು ಒಳ್ಳೆಯ ಹೆಸರು ಇರಬೇಕು.

ಹಲವು ಸುತ್ತುಗಳ ನಂತರ, ಮಾರ್ಚ್ 31ರಂದು, ಅಂಥ ಹೆಸರಿದ್ದವರು ಗೆದ್ದರು. ಟಾಮ್ ಕ್ಲೋನನ್ ಸೇನೆಯ ನಿವೃತ್ತ ಕ್ಯಾಪ್ಟನ್. ಐರಿಷ್ ಸೇನೆಯಲ್ಲಿ ಮಹಿಳೆಯರ ಸ್ಥಿತಿ ಕುರಿತು ಡಾಕ್ಟರೇಟ್ ಸಂಶೋಧನೆ ಮಾಡಿ, ಅಲ್ಲಿನ ಕಿರುಕುಳ, ಲೈಂಗಿಕ ದೌರ್ಜನ್ಯಗಳನ್ನು ದಾಖಲಿಸಿದವರು. ಅದಕ್ಕಾಗಿ ತಮ್ಮವರಿಂದಲೇ ವರ್ಷಗಟ್ಟಲೆ ಹಗೆತನ ಉಂಡವರು. ಅಂಗವೈಕಲ್ಯವಿರುವ ಮಗನ ತಂದೆಯಾಗಿ ಅಂಗವಿಕಲರ ಹಕ್ಕಿಗೆ ಹೋರಾಡುತ್ತಾ ಬಂದವರು. ಹಿಂದೆ ಸ್ಪರ್ಧಿಸಿ ಸೋತಿದ್ದರು. ಪಕ್ಷದ ಬಾವುಟವಿಲ್ಲದ ಇಂಥವರನ್ನು ಸಂಸತ್ತಿಗೆ ಕಳಿಸಲು ಬೇರೆ ಯಾವ ದಾರಿಯಿತ್ತು ಎಂದು ಕೇಳಿಕೊಂಡರೆ ನನಗೆ ಉತ್ತರ ಹೊಳೆಯುವುದಿಲ್ಲ.

ಈ ಬಾಗಿಲಿನಿಂದ ಮೊದಲೂ ಅಂಥವರು ಬಂದಿದ್ದಾರೆ. 1969ರಲ್ಲಿ ಟ್ರಿನಿಟಿಯಿಂದ ಗೆದ್ದ ಮೇರಿ ರಾಬಿನ್ಸನ್ ಗರ್ಭನಿರೋಧಕಗಳ ಮಾತೆತ್ತುವುದೇ ಅಪಚಾರವಾಗಿದ್ದ ಕಾಲದಲ್ಲಿ ಅದಕ್ಕೆ ಮಸೂದೆ ತಂದರು, ಮುಂದೆ ರಾಷ್ಟ್ರಪತಿಯಾದರು. 1987ರಲ್ಲಿ ಬಂದ ಡೇವಿಡ್ ನಾರಿಸ್, ಸಲಿಂಗ ಪ್ರೇಮವನ್ನು ಅಪರಾಧವೆನ್ನುತ್ತಿದ್ದ ಕಾನೂನಿನ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 1988ರಲ್ಲಿ ಗೆದ್ದರು. ಉಪಚುನಾವಣೆಗಳೂ ಬರಿಗೈಯಲ್ಲಿ ಹೋಗಿಲ್ಲ: 1979ರಲ್ಲಿ ಕಾನರ್ ಕ್ರೂಸ್ ಓಬ್ರಿಯನ್ ಬಿಟ್ಟ ಸ್ಥಾನಕ್ಕೆ ಬಂದ ಕ್ಯಾಥರೀನ್ ಮೆಗಿನ್ನಿಸ್ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ನಮ್ಮ ಕಡೆಯ ಎಳೆಗಳೂ ಈ ಅಂಗಳದ ಆಸುಪಾಸಿನಲ್ಲಿವೆ. ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಆಮೇಲೆ ಉಪರಾಷ್ಟ್ರಪತಿಯಾಗಿ ನಮ್ಮ ರಾಜ್ಯಸಭೆಯ ಪೀಠದಲ್ಲಿ ಕೂತ ವಿ.ವಿ. ಗಿರಿ, ತರುಣರಾಗಿದ್ದಾಗ ಕಾನೂನು ಓದಿದ್ದು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಇಲ್ಲಿಗೆ ಬಂದು ಆಗಿನ ಐರಿಷ್ ಪ್ರಧಾನಿ ಡಿ ವಲೆರಾ ಅವರೊಂದಿಗೆ ಮಾತನಾಡಿದ್ದರು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯವರನ್ನು ರಾಜ್ಯಸಭೆಗೆ ನಾಮಕರಣ ಮಾಡುವ ಕ್ರಮಕ್ಕೆ ಮಾದರಿ ಐರಿಷ್ ಸಂವಿಧಾನವೇ.

ಆದರೂ ಒಳ್ಳೆಯವರು ಬಂದರೆಂಬ ಕಾರಣಕ್ಕೆ ಬಾಗಿಲು ಇಕ್ಕಟ್ಟಾಗಿದ್ದುದನ್ನು ಒಪ್ಪಲಾಗದು. ಲಿಮರಿಕ್ ವಿಶ್ವವಿದ್ಯಾಲಯ, ಡಬ್ಲಿನ್ ಸಿಟಿ ಯೂನಿವರ್ಸಿಟಿಗಳಲ್ಲಿ ಓದಿದವರು ಅದೇ ದೇಶದ, ಅದೇ ಪರಿಶ್ರಮದ ಪದವೀಧರರು, ಅವರಿಗೆ ಮತವಿರಲಿಲ್ಲ. ಬೇರೆ ಸಂಸ್ಥೆಗಳಿಗೂ ಈ ಹಕ್ಕು ಹರಡಬಹುದೆಂದು ಜನ 1979ರ ಜನಮತ ಗಣನೆಯಲ್ಲಿ ಶೇ 92ರಷ್ಟು ಬಹುಮತದಿಂದ ಹೇಳಿದರು. ಸರ್ಕಾರಗಳು ಬಂದವು, ಹೋದವು, ಕಾನೂನು ಬರಲಿಲ್ಲ. 2013ರಲ್ಲಿ ಶನದ್ ಅನ್ನೇ ರದ್ದು ಮಾಡೋಣವೆಂದು ಕೇಳಿದಾಗ ಶೇ 51.7ರಷ್ಟು ಮಂದಿ ಬೇಡವೆಂದರು. ಮನೆ ಉಳಿಯಿತು, ಬೀಗ ಹಾಗೆಯೇ ಇತ್ತು. ಕೊನೆಗೆ ಲಿಮರಿಕ್‌ನ ಪದವೀಧರನೊಬ್ಬ ನ್ಯಾಯಾಲಯಕ್ಕೆ ಹೋದ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಚುನಾವಣಾ ಕಾನೂನನ್ನು ಅಸಾಂವಿಧಾನಿಕವೆಂದಿತು. ತಿದ್ದಿಕೊಳ್ಳಲು ಸಂಸತ್ತಿಗೆ ಕಾಲಾವಕಾಶ ಕೊಟ್ಟಿತು. ಜನ ಕೊಟ್ಟ ಅಪ್ಪಣೆ ನಾಲ್ಕು ದಶಕ ಕಪಾಟಿನಲ್ಲಿ ಕೂತದ್ದು ಪ್ರಜಾಪ್ರಭುತ್ವಕ್ಕೆ ಆದ ಗಾಯ. ಮತದ ಹಕ್ಕಿಲ್ಲದೆ ಆ ವರ್ಷಗಳಲ್ಲಿ ತೀರಿಹೋದವರಿಗೆ ಯಾವ ತೀರ್ಪೂ ಅದನ್ನು ತುಂಬಿಕೊಡದು.

2024ರ ಕಾಯಿದೆ ಎರಡೂ ಹಳೆಯ ಕ್ಷೇತ್ರಗಳನ್ನು ತೆಗೆದು, ಉನ್ನತ ಶಿಕ್ಷಣ ಕ್ಷೇತ್ರವೆಂಬ ಆರು ಸ್ಥಾನಗಳ ಒಂದೇ ಕ್ಷೇತ್ರವನ್ನು ರೂಪಿಸಿದೆ. 2025ರ ಜನವರಿಯ ಶನದ್ ಸಾರ್ವತ್ರಿಕ ಚುನಾವಣೆ ಮಾತ್ರ ಹಳೆಯ ಪಟ್ಟಿಯಲ್ಲೇ ನಡೆಯಿತು. ಕ್ಲೋನನ್ ಮತ್ತೆ ಗೆದ್ದರು. ಅವರ ಡಾಕ್ಟರೇಟ್ ಡಬ್ಲಿನ್ ಸಿಟಿ ಯೂನಿವರ್ಸಿಟಿಯದು, ಪಾಠ ಹೇಳಿದ್ದು ಈಗ ಟೆಕ್ನಲಾಜಿಕಲ್ ಯೂನಿವರ್ಸಿಟಿಯಾಗಿರುವ ಸಂಸ್ಥೆಯಲ್ಲಿ. ಈವರೆಗೆ ಇವೆರಡೂ ಪಟ್ಟಿಯ ಹೊರಗಿದ್ದವು. ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ನಿಂತರೆ, ಡಬ್ಲಿನ್ ಸಿಟಿಯಲ್ಲಿ ಅವರ ಜೊತೆ ಓದಿದವರೂ ಅವರ ತರಗತಿಯಲ್ಲಿ ಕೂತ ವಿದ್ಯಾರ್ಥಿಗಳೂ ಮೊದಲ ಸಲ ಅವರಿಗೆ ಮತ ಹಾಕಬಹುದು, ಬೇಡವೆನಿಸಿದರೆ ಬೇರೆಯವರಿಗೂ ಹಾಕಬಹುದು.